ಬೆಂಕಿ ಊರಿನದು, ಖರ್ಚು ಯಾರದು?

ಶಿವರಾತ್ರಿ ಸಮೀಪಿಸುತ್ತಿದ್ದಂತೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕಪ್ಪು ನೆಲ ಬಿರುಕು ಬಿಡತೊಡಗುತ್ತದೆ. ತೊಗರಿಯ ರಾಶಿ ಮುಗಿದು ಕಟ್ಟಿಗೆ ಬದುವಿನ ಮೇಲೆ ಒಣಗುತ್ತಿರುತ್ತದೆ. ಬಿಳಿಜೋಳದ ಕಣಿಕೆ ಬಣವೆಯಾಗಿ ಏರಿರುತ್ತದೆ. ಭೀಮೆಯ ದಂಡೆಗುಂಟ ಕಟಾವಿಗೆ ಕಾಯುತ್ತಿರುವ ಕಬ್ಬಿನ ಬುಡದಲ್ಲಿ ರವದಿ ಕಾಗದದಷ್ಟು ಹಗುರವಾಗಿರುತ್ತದೆ. ಮಧ್ಯಾಹ್ನದ ಗಾಳಿಗೆ ಜೋತುಬಿದ್ದ ಎರಡು ವಿದ್ಯುತ್ ತಂತಿಗಳು ಒಂದಕ್ಕೊಂದು ತಗುಲಿದರೆ ಸಾಕು, ಮುಂದಿನದನ್ನು ಈ ಭಾಗದ ಓದುಗರಿಗೆ ವಿವರಿಸಬೇಕಾಗಿಲ್ಲ. ಊರವರು ಕೊಡ, ಬಕೆಟ್ಟು, ಹಸಿ ಗೋಣಿತಟ್ಟು ಹಿಡಿದು ಓಡುತ್ತಾರೆ. ಯಾರೋ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರ್ ಕಟ್ಟುತ್ತಾರೆ. ಇನ್ನಾರೋ ತಾಲ್ಲೂಕು ಕೇಂದ್ರಕ್ಕೆ ಫೋನು ಮಾಡುತ್ತಾರೆ. ಅಗ್ನಿಶಾಮಕ ವಾಹನ ಬರುವ ಹೊತ್ತಿಗೆ ಸಾಮಾನ್ಯವಾಗಿ ಆರಿಸಲು ಉಳಿದಿರುವುದು ಬೂದಿ ಮಾತ್ರ. ಸುದ್ದಿಯ ಕೊನೆಯಲ್ಲಿ ‘ಅಗ್ನಿಶಾಮಕ ಸಿಬ್ಬಂದಿ ಸ್ಥಳಕ್ಕೆ ಧಾವಿಸಿ ಬೆಂಕಿ ನಂದಿಸಿದರು’ ಎಂಬ ವಾಕ್ಯ ಮಾತ್ರ ತಪ್ಪದೆ ಅಚ್ಚಾಗುತ್ತದೆ.

ಸಿಬ್ಬಂದಿಯನ್ನು ದೂರಿ ಪ್ರಯೋಜನವಿಲ್ಲ. ಲೆಕ್ಕವನ್ನೇ ನೋಡೋಣ. ದೇಶದ ಸ್ಥಾಯಿ ಅಗ್ನಿಶಾಮಕ ಸಲಹಾ ಮಂಡಳಿಯ ಮಾನದಂಡದ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ ಕರೆ ಬಂದ 20 ನಿಮಿಷಗಳೊಳಗೆ ಮೊದಲ ವಾಹನ ಸ್ಥಳ ತಲುಪಬೇಕು; ಪ್ರತಿ 50 ಚದರ ಕಿಲೋಮೀಟರಿಗೆ ಒಂದು ಠಾಣೆ ಇರಬೇಕು. ಕಲಬುರಗಿ ಜಿಲ್ಲೆಯ ವಿಸ್ತೀರ್ಣ 10,951 ಚದರ ಕಿಲೋಮೀಟರ್. ಹಳೆಯ ಏಳು ತಾಲ್ಲೂಕುಗಳಿಗೆ ಹಂಚಿದರೆ ತಾಲ್ಲೂಕೊಂದಕ್ಕೆ ಸರಾಸರಿ ಒಂದೂವರೆ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಅಂದರೆ ಮಾನದಂಡದಂತೆ ತಾಲ್ಲೂಕಿಗೆ 30ಕ್ಕಿಂತ ಹೆಚ್ಚು ಠಾಣೆಗಳು ಬೇಕು. ವಾಸ್ತವದಲ್ಲಿ ತಾಲ್ಲೂಕು ಕೇಂದ್ರಕ್ಕೊಂದು ಠಾಣೆ ಎಂಬುದೇ ನಮ್ಮ ಪದ್ಧತಿ. ನಾಲ್ಕೂವರೆ ಸಾವಿರ ಲೀಟರ್ ನೀರು ತುಂಬಿಕೊಂಡ ಭಾರದ ವಾಹನ ನಮ್ಮ ರಸ್ತೆಗಳಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೂ 30 ಕಿಲೋಮೀಟರ್ ದೂರದ ಹಳ್ಳಿಗೆ 45 ನಿಮಿಷ ಬೇಕು. ಅದೇ ಹೊತ್ತಿಗೆ ಎರಡು ಕರೆ ಬಂದರೆ ಯಾವ ಊರಿಗೆ ಹೋಗಬೇಕು ಎಂಬ ಪ್ರಶ್ನೆ ಬೇರೆ. ಯಾವ ಸರ್ಕಾರ ಬಂದರೂ ತಾಲ್ಲೂಕಿಗೆ 30 ಠಾಣೆ ಕಟ್ಟುವುದು ಸಾಧ್ಯವಿಲ್ಲದ ಮಾತು. ಆದ್ದರಿಂದ ಮೊದಲ ಅರ್ಧ ಗಂಟೆಯ ಬೆಂಕಿ ಎಂದಿಗೂ ಊರಿನದೇ. ಅದನ್ನು ಎದುರಿಸುವ ಖರ್ಚು ಯಾರು ಹೊರಬೇಕೆಂಬುದು ಇಲ್ಲಿಯವರೆಗೆ ಯಾರೂ ಕೇಳಿಕೊಳ್ಳದ ಪ್ರಶ್ನೆ.

ಯಾರೂ ಕೇಳಿಕೊಳ್ಳದಿರಲು ಕಾನೂನಿನಲ್ಲೇ ಒಂದು ಕಾರಣವಿದೆ. 1992ರ ಸಂವಿಧಾನ ತಿದ್ದುಪಡಿಗಳಲ್ಲಿ ನಗರಸಂಸ್ಥೆಗಳಿಗೆಂದು ರೂಪಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ‘ಅಗ್ನಿಶಾಮಕ ಸೇವೆ’ ಸ್ಪಷ್ಟವಾಗಿ ಇದೆ. ಪಂಚಾಯಿತಿಗಳಿಗೆಂದು ರೂಪಿಸಿದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಅದು ಇಲ್ಲ. ಮೀನುಗಾರಿಕೆ ಇದೆ, ಗ್ರಂಥಾಲಯ ಇದೆ, ಸಂತೆ ಜಾತ್ರೆಗಳಿವೆ, ಬೆಂಕಿ ಇಲ್ಲ. ಬಣವೆಗೆ ಬೆಂಕಿ ಬೀಳುವುದು ಹಳ್ಳಿಯಲ್ಲಿ, ಬೆಂಕಿಯ ಹೊಣೆ ಮಾತ್ರ ಪೇಟೆಗೆ! ಕರ್ನಾಟಕದಲ್ಲಂತೂ 1964ರ ಅಗ್ನಿಶಾಮಕ ದಳ ಕಾಯ್ದೆ 1965ರ ನವೆಂಬರಿನಲ್ಲಿ ಜಾರಿಗೆ ಬಂದಂದಿನಿಂದ ಈ ಸೇವೆ ಗೃಹ ಇಲಾಖೆಯ ಅಧೀನದ ರಾಜ್ಯ ದಳವಾಗಿದೆ. ಪುರಸಭೆಗಳಿಗೂ ಅದರಲ್ಲಿ ಹೇಳಿಕೊಳ್ಳುವಂಥ ಪಾತ್ರವಿಲ್ಲ. ಸ್ವಯಂಸೇವಕರನ್ನು ಸೇರಿಸಿಕೊಂಡು ಸಹಾಯಕ ದಳ ಕಟ್ಟಲು ಆ ಕಾಯ್ದೆಯಲ್ಲೇ ಅವಕಾಶವಿದ್ದರೂ ಹಳ್ಳಿಯ ಮಟ್ಟಿಗೆ ಅದು ಕಾಗದದಿಂದ ಕೆಳಗೆ ಇಳಿದಿಲ್ಲ.

ಹಿಂದಿನವರು ಬೆಂಕಿಯ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರೇನೋ. ಈ ಭಾಗದ ಮನೆಗಳಿಗೆ ಹುಲ್ಲಿನ ಸೂರು ಕಡಿಮೆ, ಮಣ್ಣಿನ ಮಾಳಿಗೆಯೇ ಹೆಚ್ಚು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಊರೇ ಸುಟ್ಟರೂ ವರ್ಷದ ಕಾಳು ಉಳಿಯುತ್ತಿತ್ತು. ಬಣವೆ ಊರ ಹೊರಗಿನ ಕಣದಲ್ಲಿ, ಒಂದರಿಂದ ಒಂದು ದೂರದಲ್ಲಿ ಇರುತ್ತಿತ್ತು. ಈಗ ಹಗೇವು ಮುಚ್ಚಿವೆ, ಕಣಗಳು ನಿವೇಶನಗಳಾಗಿವೆ, ಬಣವೆ ಹಿತ್ತಿಲಿಗೆ ಬಂದಿದೆ. ಅದರ ನೆತ್ತಿಯ ಮೇಲೆ ವಿದ್ಯುತ್ ತಂತಿ ಹಾದಿದೆ. ಅಫಜಲಪುರದಲ್ಲಿ ಸೊನ್ನದ ಬ್ಯಾರೇಜಿನ ನೀರು, ಜೇವರ್ಗಿಯಲ್ಲಿ ಕೃಷ್ಣಾ ಕಾಲುವೆಯ ನೀರು ಬಂದ ಮೇಲೆ ಒಣಭೂಮಿಯ ಬೆಳೆಗಳ ನಡುವೆ ಕಬ್ಬು, ಹತ್ತಿ ಹರಡಿದವು. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರ ತಾಲ್ಲೂಕಿನ ಹವಳಗಾಗಳಲ್ಲಿ ಸಕ್ಕರೆ ಕಾರ್ಖಾನೆಗಳು ನಿಂತವು. ಬೆಳೆ ಬದಲಾದಂತೆ ಬೆಂಕಿಯ ಸ್ವರೂಪವೂ ಬದಲಾಯಿತು. ಒಂದು ಬಣವೆ ಸುಟ್ಟರೆ ಒಬ್ಬನ ದನಗಳಿಗೆ ಮೇವಿಲ್ಲ. ಒಂದು ಕಬ್ಬಿನ ಪಡ ಹೊತ್ತಿಕೊಂಡರೆ ಗಾಳಿ ಬೀಸಿದತ್ತ ಹತ್ತು ರೈತರ ವರ್ಷದ ದುಡಿಮೆ ಹೋಗುತ್ತದೆ.

ಸುಟ್ಟ ಮೇಲೆ ಸರ್ಕಾರ ಕೊಡುವುದೇನು? ಬಣವೆ ನಷ್ಟಕ್ಕೆ ಕೃಷಿ ಇಲಾಖೆಯಿಂದ ಗರಿಷ್ಠ 20 ಸಾವಿರ ರೂಪಾಯಿ. ಗುಡಿಸಲು ಸುಟ್ಟರೆ, 2022–26ರ ಅವಧಿಗೆ ನಿಗದಿಯಾದ ವಿಪತ್ತು ಪರಿಹಾರ ನಿಧಿಯ ದರದಂತೆ, 8 ಸಾವಿರ. ಫಸಲ್ ಬಿಮಾ ಯೋಜನೆಯ ಪಟ್ಟಿಯಲ್ಲಿರುವುದು ‘ನೈಸರ್ಗಿಕ’ ಬೆಂಕಿ ಮತ್ತು ಸಿಡಿಲು. ತಂತಿಯ ಕಿಡಿ ನಿಸರ್ಗದ ಲೆಕ್ಕಕ್ಕೆ ಸೇರದು. ಸುಟ್ಟ ಕಬ್ಬನ್ನು ಕಾರ್ಖಾನೆ ತೆಗೆದುಕೊಂಡರೂ ದರದಲ್ಲಿ ಕಡಿತವಿರುತ್ತದೆ, ತಡವಾದಷ್ಟೂ ಇಳುವರಿ ಕುಸಿಯುತ್ತದೆ. ಇಷ್ಟೂ ಹಣ, ಇಷ್ಟೂ ಅರ್ಜಿ, ಇಷ್ಟೂ ಪಂಚನಾಮೆ ಬೆಂಕಿ ಮುಗಿದ ಮೇಲಿನದು. ಬೆಂಕಿಗೆ ಮುಂಚೆ ಖರ್ಚು ಮಾಡಲು ಹಳ್ಳಿಯಲ್ಲಿ ಯಾರ ಬಳಿಯೂ ಒಂದು ರೂಪಾಯಿಯ ಲೆಕ್ಕಶೀರ್ಷಿಕೆ ಇಲ್ಲ.

ಸ್ವಯಂಸೇವಾ ಅಗ್ನಿಶಾಮಕ ದಳ ಎಂದರೆ ನಮ್ಮವರು ಅದು ಪರದೇಶದ ಸೊಗಸು ಎಂದುಕೊಳ್ಳುವುದುಂಟು. ಜರ್ಮನಿಯಲ್ಲಿ ಬೆಂಕಿ ಆರಿಸುವವರಲ್ಲಿ ಬಹುಪಾಲು ಜನ ಸಂಬಳವಿಲ್ಲದ ಊರವರು. ಅವರ ಸಂಖ್ಯೆ ಹತ್ತು ಲಕ್ಷದ ಆಸುಪಾಸು. ಜಪಾನಿನ ಊರೂರಲ್ಲಿ ಇಂಥ ದಳಗಳಿವೆ. ಅಮೆರಿಕದಲ್ಲಿ 1736ರಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಮತ್ತವನ ಗೆಳೆಯರು ಫಿಲಡೆಲ್ಫಿಯಾದಲ್ಲಿ ಒಂದು ದಳ ಕಟ್ಟಿ, ಸದಸ್ಯನೊಬ್ಬ ಇಷ್ಟು ಚರ್ಮದ ಬಕೆಟ್ಟುಗಳನ್ನು ಸಿದ್ಧವಾಗಿಡಬೇಕೆಂದು ಕರಾರು ಮಾಡಿಕೊಂಡಿದ್ದರು. ನಮ್ಮ ಹಳ್ಳಿಯವರು ಬಕೆಟ್ಟು ಹಿಡಿದು ಓಡುವುದಕ್ಕೂ ಇದಕ್ಕೂ ಸಾಹಸದಲ್ಲಿ ವ್ಯತ್ಯಾಸವಿಲ್ಲ. ಅಲ್ಲಿ ಕರಾರು ಇತ್ತು, ಇಲ್ಲಿ ಇಲ್ಲ, ವ್ಯತ್ಯಾಸವಿರುವುದು ಅಷ್ಟರಲ್ಲೇ.

ಹಣ ಕೂಡಿಸುವ ದಾರಿಗಳಲ್ಲಿ ನಮಗೆ ತಕ್ಷಣ ಹೊಳೆಯುವುದು ವಂತಿಗೆ. ಜಾತ್ರೆಗೆ, ಭಜನೆಗೆ, ಉರುಸಿಗೆ, ಗುಡಿಯ ಜೀರ್ಣೋದ್ಧಾರಕ್ಕೆ ಮನೆಗಿಷ್ಟು ಎಂದು ಎತ್ತುವುದು ಈ ಸೀಮೆಗೆ ಹೊಸದಲ್ಲ. ಗಾಣಗಾಪುರದ ದತ್ತನ ಸನ್ನಿಧಿ, ಆಳಂದದ ಲಾಡ್ಲೆ ಮಶಾಕ್ ದರ್ಗಾ ಇರುವ ನೆಲದಲ್ಲಿ ಕೊಡುಗೈಗೆ ಕೊರತೆಯೂ ಇಲ್ಲ. ಬೆಂಕಿಗೂ ಹಾಗೆಯೇ ಎತ್ತಿದರಾಯಿತಲ್ಲ ಎನ್ನಬಹುದು. ಈ ಸಲಹೆಯನ್ನು ನಾನು ಒಪ್ಪಲಾರೆ. ವಂತಿಗೆ ಕೊಟ್ಟವನಿಗೆ ವಂತಿಗೆ ಕೊಡದವನ ಮೇಲೆ ಒಂದು ಹಕ್ಕು ಹುಟ್ಟುತ್ತದೆ. ಅಮೆರಿಕದ ಟೆನೆಸ್ಸಿ ರಾಜ್ಯದ ಸೌತ್ ಫುಲ್ಟನ್ ಎಂಬ ಸಣ್ಣ ಊರಿನಲ್ಲಿ 2010ರಲ್ಲಿ ನಡೆದದ್ದು ಇದೇ. ಊರ ಹೊರವಲಯದವರು ವರ್ಷಕ್ಕೆ 75 ಡಾಲರ್ ಕಟ್ಟಿದರೆ ಮಾತ್ರ ಅಗ್ನಿಶಾಮಕ ಸೇವೆ ಎಂಬ ನಿಯಮವಿತ್ತು. ಶುಲ್ಕ ಕಟ್ಟದ ಕುಟುಂಬವೊಂದರ ಮನೆಗೆ ಬೆಂಕಿ ಬಿತ್ತು. ವಾಹನ ಬಂದಿತು, ಶುಲ್ಕ ಕಟ್ಟಿದ್ದ ಪಕ್ಕದವರ ಜಾಗಕ್ಕೆ ಬೆಂಕಿ ಹಬ್ಬದಂತೆ ನೋಡಿಕೊಂಡಿತು, ಮನೆ ಕಣ್ಣೆದುರೇ ಸುಟ್ಟುಹೋಯಿತು. ಸ್ಥಳದಲ್ಲೇ ಹಣ ಕೊಡುತ್ತೇವೆಂದರೂ ಕೇಳಲಿಲ್ಲ.

ಇದನ್ನು ನಮ್ಮ ಊರಿನ ನಕ್ಷೆಯ ಮೇಲೆ ಇಟ್ಟು ನೋಡಿ. ವಂತಿಗೆಯ ಪಟ್ಟಿಯಲ್ಲಿ ಕೊನೆಗೆ ಬರುವವರು, ಕೆಲವೊಮ್ಮೆ ಬಾರದೇ ಇರುವವರು ಯಾರು? ಊರಂಚಿನ ಕೇರಿಯವರು, ತಾಂಡಾದವರು, ಕಬ್ಬು ಕಡಿಯಲು ಬಂದು ಹೊಲದಲ್ಲೇ ಗುಡಿಸಲು ಹಾಕಿಕೊಂಡಿರುವ ಪರವೂರಿನ ಗ್ಯಾಂಗಿನವರು. ಬೆಂಕಿ ಮೊದಲು ಸುಡುವುದು ಇವರ ತಗಡು, ಹುಲ್ಲು, ತಾಡಪಲ್ಲಿನ ಮನೆಗಳನ್ನೇ. ವಂತಿಗೆಯಲ್ಲಿ ಕೊಂಡ ಪಂಪು ಯಾರ ಮನೆಯ ಹಿತ್ತಿಲಲ್ಲಿ ನಿಲ್ಲುತ್ತದೆ, ಅದರ ಕೀಲಿ ಯಾರ ಕಿಸೆಯಲ್ಲಿರುತ್ತದೆ ಎಂಬುದನ್ನು ಬಲ್ಲವರು ಬಲ್ಲರು. ಆದ್ದರಿಂದ ಈ ಸೇವೆಗೆ ಹಣ ಬರುವುದಾದರೆ ಕಡ್ಡಾಯದ ಕರದ ಮೂಲಕವೇ ಬರಬೇಕು. ಅದರ ಮೇಲಿನ ಹಕ್ಕು ಕೊಟ್ಟವನಿಗೂ ಕೊಡಲಾರದವನಿಗೂ ಒಂದೇ ಆಗಿರಬೇಕು.

ಕರ ಎಂದೊಡನೆ ಹುಬ್ಬು ಗಂಟಿಕ್ಕುವವರಿಗೆ ಒಂದು ಸಂಗತಿ ನೆನಪಿಸಬೇಕು. ನಾವು ಕಟ್ಟುವ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರಿಯೇ ಬರುತ್ತದೆ. ಆರೋಗ್ಯ, ಶಿಕ್ಷಣದ ಕರಗಳೂ ಇವೆ. ಅಗ್ನಿ ಕರದ ಮಾತು ಬಂದಾಗಲೆಲ್ಲ ಅದು ಬೆಂಗಳೂರಿನ ಬಹುಮಹಡಿ ಕಟ್ಟಡಗಳ ಸುತ್ತ ಸುತ್ತುತ್ತದೆಯೇ ಹೊರತು ಹಳ್ಳಿಯ ಕಡೆ ತಿರುಗುವುದಿಲ್ಲ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ. ಅಂದಾಜು 1,200 ಮನೆಗಳೆಂದು ಹಿಡಿಯೋಣ. ಮನೆಗೆ ವರ್ಷಕ್ಕೆ 25 ರೂಪಾಯಿಯಂತೆ 30 ಸಾವಿರ ರೂಪಾಯಿ ಆಗುತ್ತದೆ. ಇದು ದೊಡ್ಡ ಮೊತ್ತವಲ್ಲ. ಆದರೆ ಡೀಸೆಲ್ಲು, ಒಂದಷ್ಟು ಮೆದುಗೊಳವೆ, ಬ್ಯಾಟರಿ, ವರ್ಷಕ್ಕೆರಡು ಅಭ್ಯಾಸದ ದಿನಗಳ ಚಹಾ ಉಪ್ಪಿಟ್ಟು, ಇವಕ್ಕೆ ಸಾಕಾಗುತ್ತದೆ. ಒಂದೇ ಷರತ್ತು: ಈ ಹಣ ಮೇಲಕ್ಕೆ ಹೋಗಬಾರದು. ಸಂಗ್ರಹಿಸಿದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಮುಟ್ಟಿಸದೆ ಬಾಕಿ ಉಳಿಸಿಕೊಂಡ ಕಥೆ ರಾಜ್ಯದಲ್ಲಿ ಎಲ್ಲರಿಗೂ ಗೊತ್ತಿದೆ. ಅಗ್ನಿಯ ಹಣ ಪಂಚಾಯಿತಿಯ ಪ್ರತ್ಯೇಕ ಖಾತೆಯಲ್ಲೇ ಇದ್ದು, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳುವಂತಾಗಬೇಕು.

ಇಷ್ಟರಿಂದಲೇ ಎಲ್ಲ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಬೆಂಕಿಯ ಅಪಾಯವನ್ನು ಹೆಚ್ಚಿಸಿದವರು ಖರ್ಚಿನ ಪಾಲನ್ನೂ ಹೊರುವುದು ನ್ಯಾಯ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಬಹುಕಾಲ ನಡೆದುಬಂದ ಸೂತ್ರವೊಂದಿದೆ: ಅಗ್ನಿಶಾಮಕ ವೆಚ್ಚದ ಶೇ 73.7ನ್ನು ವಿಮಾ ಕಂಪನಿಗಳು, ಶೇ 11.7ನ್ನು ಸ್ಥಳೀಯ ಸಂಸ್ಥೆಗಳು, ಶೇ 14.6ನ್ನು ರಾಜ್ಯ ಸರ್ಕಾರ ಭರಿಸಬೇಕು. ಬೆಂಕಿ ತಗ್ಗಿದರೆ ಲಾಭ ವಿಮಾ ಕಂಪನಿಗೆ, ಆದ್ದರಿಂದ ದೊಡ್ಡ ಪಾಲು ಅದರದು ಎಂಬುದು ಇದರ ತರ್ಕ. ಆಳಂದದ ಹಳ್ಳಿಯಲ್ಲಿ ಮನೆಗೆ ಅಗ್ನಿ ವಿಮೆ ಮಾಡಿಸಿದವರನ್ನು ಹುಡುಕಬೇಕು, ಹಾಗಾಗಿ ಆ ಸೂತ್ರವನ್ನು ಹಾಗೆಯೇ ತರಲಾಗದು. ತರ್ಕವನ್ನು ಮಾತ್ರ ತರಬಹುದು. ಬೆಂಕಿ ತಗ್ಗಿದರೆ ಇಲ್ಲಿ ಲಾಭ ಯಾರಿಗೆ? ಸಕ್ಕರೆ ಕಾರ್ಖಾನೆಗಳಿಗೆ. ಅರೆಯುವ ಟನ್ ಕಬ್ಬಿಗೆ ಒಂದು ರೂಪಾಯಿಯಂತೆ ಕಾರ್ಖಾನೆ ತನ್ನ ಲೆಕ್ಕದಿಂದ, ರೈತನ ಬಿಲ್ಲಿನಿಂದಲ್ಲ, ತನಗೆ ಕಬ್ಬು ಒದಗಿಸುವ ಪಂಚಾಯಿತಿಗಳ ಖಾತೆಗೆ ಹಾಕಲಿ. ಹಂಗಾಮಿನಲ್ಲಿ ಐದು ಲಕ್ಷ ಟನ್ ಅರೆಯುವ ಕಾರ್ಖಾನೆಯೊಂದನ್ನು ಊಹಿಸಿಕೊಂಡರೆ ಅದು ಐದು ಲಕ್ಷ ರೂಪಾಯಿ. ದೊಡ್ಡ ಕಂಪನಿಗಳಿಗೆ ಲಾಭದ ಶೇ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ತೆಗೆದಿಡಬೇಕೆಂಬ 2013ರ ಕಂಪನಿ ಕಾಯ್ದೆಯ ನಿಯಮವಿದೆ. ವಿಪತ್ತು ನಿರ್ವಹಣೆ ಆ ಪಟ್ಟಿಯಲ್ಲಿ ಸೇರಿದೆ. ಆದರೆ ಲಾಭವಿಲ್ಲದ ವರ್ಷ ಆ ಹಣವೂ ಇಲ್ಲ. ಬೆಂಕಿ ಲಾಭ ನಷ್ಟ ನೋಡಿ ಬೀಳುವುದಿಲ್ಲ. ಟನ್ನಿನ ಲೆಕ್ಕವೇ ಮೇಲು.

ಎರಡನೆಯವರು ವಿದ್ಯುತ್ ಸರಬರಾಜು ಕಂಪನಿ. ಜೋತುಬಿದ್ದ ತಂತಿಯನ್ನು ಬಿಗಿಗೊಳಿಸಿ ಎಂದು ರೈತ ಕೊಟ್ಟ ಅರ್ಜಿ ಎಲ್ಲಿ ಹೋಗುತ್ತದೆ ಎಂಬುದರ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಬೆಂಕಿಗೆ ಮಾರ್ಗದ ದೋಷವೇ ಕಾರಣವೆಂದು ವಿದ್ಯುತ್ ಪರಿವೀಕ್ಷಣಾಲಯ ವರದಿ ಕೊಟ್ಟ ಪ್ರತಿ ಪ್ರಕರಣದಲ್ಲೂ, ರೈತನಿಗೆ ಸಲ್ಲಬೇಕಾದ ಪರಿಹಾರದ ಹೊರತಾಗಿ, ನಿಗದಿತ ಮೊತ್ತವೊಂದು ಆ ಪಂಚಾಯಿತಿಯ ಅಗ್ನಿ ಖಾತೆಗೆ ತಾನಾಗಿ ಜಮೆಯಾಗುವಂತಿರಬೇಕು. ಅಂಥ ಹತ್ತು ಚೀಟಿ ಒಂದು ಉಪವಿಭಾಗದ ಮೇಜಿಗೆ ಬಂದರೆ ತಂತಿ ಬಿಗಿಯಾಗಲು ಬೇರೆ ಸುತ್ತೋಲೆ ಬೇಕಾಗಲಾರದು.

ಉಪಕರಣಗಳ ಮಾತು ಬೇರೆ. ಇವು ಒಮ್ಮೆ ಆಗುವ ವೆಚ್ಚ, ಇವನ್ನು ಬಡ ಪಂಚಾಯಿತಿಯ ತಲೆಗೆ ಕಟ್ಟಬಾರದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ಈ ಮೂರೂ ಇವೆ. ಸಂವಿಧಾನದ 371(ಜೆ) ವಿಧಿಯ ಬಲದಿಂದ ಹುಟ್ಟಿದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿಯಲ್ಲೇ ಕುಳಿತಿದೆ. 2023ರ ನಂತರದ ಬಜೆಟ್ಟುಗಳಲ್ಲಿ ಅದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಹದಿನೈದನೆಯ ಹಣಕಾಸು ಆಯೋಗದ ಶಿಫಾರಸಿನಂತೆ ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆ ಕೇಂದ್ರ 2023ರಲ್ಲಿ 5,000 ಕೋಟಿಯ ಯೋಜನೆಯನ್ನೇ ಆರಂಭಿಸಿತು. ಕರ್ನಾಟಕದಂಥ ರಾಜ್ಯಗಳ ಪಾಲು ಶೇ 25. ಇಂಥ ಹಣ ಸಾಮಾನ್ಯವಾಗಿ ಹೋಗುವುದು ಎತ್ತರದ ಏಣಿಗಳಿಗೆ, ದೊಡ್ಡ ವಾಹನಗಳಿಗೆ, ಠಾಣೆಯ ಕಟ್ಟಡಗಳಿಗೆ. 50 ಮೀಟರಿನ ಏಣಿಯಿಂದ ಕರಜಗಿಯ ಕಬ್ಬಿನ ಗದ್ದೆಗೆ ಏನೂ ಆಗಬೇಕಾದ್ದಿಲ್ಲ. ಅಲ್ಲಿ ಬೇಕಾದದ್ದು ಟ್ರ್ಯಾಕ್ಟರಿಗೆ ಕಟ್ಟುವ ಐದು ಸಾವಿರ ಲೀಟರಿನ ಟ್ಯಾಂಕರಿಗೆ ಜೋಡಿಸಬಹುದಾದ ಒಂದು ಪಂಪು, ನೂರು ಮೀಟರ್ ಮೆದುಗೊಳವೆ, ಕೈಗವಸು, ಬೂಟು. ತೋಟಕ್ಕೆ ಔಷಧಿ ಹೊಡೆಯುವ ಒತ್ತಡದ ಪಂಪುಗಳನ್ನು ನಮ್ಮ ರೈತರು ಈಗಾಗಲೇ ಸಲೀಸಾಗಿ ನಡೆಸುತ್ತಾರೆ. ಸಣ್ಣ ಬೆಂಕಿಗೆ ಅವೂ ಒದಗುತ್ತವೆ. ಊರಿಗೊಂದು ಹೊಸ ವಾಹನ ಕೊಡಿಸಿ ಹಸಿರು ನಿಶಾನೆ ತೋರಿಸಿ ಫೋಟೊ ತೆಗೆಸಿಕೊಳ್ಳುವುದು ಮಾತ್ರ ಬೇಡ. ಯಾವುದೋ ನಿಧಿಯಿಂದ ಬಂದ ಆಂಬುಲೆನ್ಸುಗಳು ಚಾಲಕನಿಲ್ಲದೆ, ಟೈರಿಲ್ಲದೆ ಆಸ್ಪತ್ರೆಯ ಬೇವಿನ ಮರದಡಿ ನಿಂತದ್ದನ್ನು ನೋಡಿದ ಮೇಲೂ ನಮಗೆ ಬುದ್ಧಿ ಬರದಿದ್ದರೆ ಹೇಗೆ?

ಸ್ವಯಂಸೇವಕರು ಎಲ್ಲಿದ್ದಾರೆ ಎಂಬ ಪ್ರಶ್ನೆ ಸುಳ್ಳಲ್ಲ. ಬೇಸಿಗೆ ಬಂದರೆ ಈ ತಾಲ್ಲೂಕುಗಳ ತರುಣರು ಪುಣೆ, ಮುಂಬೈ, ಬೆಂಗಳೂರಿನ ರೈಲು ಹತ್ತುತ್ತಾರೆ. ಬೆಂಕಿಯ ತಿಂಗಳುಗಳಲ್ಲೇ ಊರು ಖಾಲಿ. ಆದ್ದರಿಂದ ಊರಿನಲ್ಲಿ ವರ್ಷವಿಡೀ ಉಳಿಯುವವರಿಂದ ದಳ ಕಟ್ಟಬೇಕು. ನೀರುಗಂಟಿ ಮೊದಲನೆಯವ, ಯಾವ ಬೋರಿನಲ್ಲಿ ಎಷ್ಟು ನೀರಿದೆ, ಯಾವ ವಾಲ್ವ್ ತಿರುಗಿಸಿದರೆ ಎಲ್ಲಿಗೆ ಹರಿಯುತ್ತದೆ ಎಂಬುದು ಅವನಿಗೆ ಗೊತ್ತು. ಲೈನ್‌ಮನ್ ಎರಡನೆಯವ, ಅವನು ವಿದ್ಯುತ್ ಕಡಿಯದೆ ಯಾರೂ ನೀರು ಹಾಯಿಸಬಾರದು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಈಗಲೂ ಕೊಡ ಹೊತ್ತು ಮೊದಲು ಓಡುವವರು. ಅವರನ್ನು ಬಿಟ್ಟು ಪಟ್ಟಿ ಮಾಡುವುದು ನಮ್ಮ ಹಳೆಯ ಚಾಳಿ. ಜಪಾನಿನಲ್ಲಿ ಇಂಥವರಿಗೆ ಸ್ಥಳೀಯ ಸಂಸ್ಥೆ ಸಣ್ಣ ಗೌರವಧನ ಕೊಡುತ್ತದೆ. ನಾವೂ ಕರೆಗೆ ಇಷ್ಟು ಎಂದು ಕೊಡಬೇಕು. ದಿನಗೂಲಿ ಬಿಟ್ಟು ಬಂದವನಿಗೆ ಸೇವೆಯ ಹೆಸರಿನಲ್ಲಿ ಬರಿಗೈ ತೋರಿಸುವುದು ಸರಿಯಲ್ಲ. ಹೊಗೆಯಲ್ಲಿ ಬಿದ್ದು ಗಾಯಗೊಂಡರೆ ಅವನ ಗತಿಯೇನು ಎಂಬುದಕ್ಕೂ ಉತ್ತರವಿರಬೇಕು. ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಇಪ್ಪತ್ತು ಜನರ ದಳಕ್ಕೆ ಖರ್ಚು 400 ರೂಪಾಯಿ. ಇಷ್ಟನ್ನೂ ಮಾಡದೆ ಯಾರನ್ನೂ ಬೆಂಕಿಯ ಮುಂದೆ ನಿಲ್ಲಿಸುವ ಹಕ್ಕು ಪಂಚಾಯಿತಿಗಿಲ್ಲ.

ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳಲು ಇದೇ ನೆಪವಾಗದೇ ಎಂದು ಕೇಳಬಹುದು. ಆ ಭಯ ನನಗೂ ಇದೆ. ಶಾಲೆಗೆ ಅತಿಥಿ ಶಿಕ್ಷಕರನ್ನು ಕೊಟ್ಟು ಕಾಯಂ ಹುದ್ದೆ ಮರೆತ ರಾಜ್ಯ ನಮ್ಮದು. ಕೇರಳದ ದಾರಿ ಇಲ್ಲಿ ನೋಡತಕ್ಕದ್ದು. 2018ರ ಪ್ರವಾಹದ ನಂತರ ಅಲ್ಲಿ ಅಗ್ನಿಶಾಮಕ ಇಲಾಖೆಯ ಅಧೀನದಲ್ಲೇ, 124 ಠಾಣೆಗಳಿಗೆ ತಲಾ 50ರಂತೆ 6,200 ಸ್ವಯಂಸೇವಕರ ನಾಗರಿಕ ರಕ್ಷಣಾ ಪಡೆ ಕಟ್ಟಲು ಹೊರಟರು. ಠಾಣೆ ಉಳಿಯಿತು, ತರಬೇತಿ ಠಾಣೆಯದಾಯಿತು, ಜನ ಅದಕ್ಕೆ ಜೋಡಿಯಾದರು. ನಮ್ಮಲ್ಲೂ ಆಳಂದ, ಅಫಜಲಪುರ, ಜೇವರ್ಗಿಯ ಠಾಣೆಗಳು ತಮ್ಮ ವ್ಯಾಪ್ತಿಯ ಊರಿನ ದಳಗಳಿಗೆ ಗುರುಗಳಾಗಬೇಕು. ಅವುಗಳ ಖಾಲಿ ಹುದ್ದೆ ತುಂಬುವುದು ಮೊದಲ ಷರತ್ತಾಗಬೇಕು. ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರಲ್ಲಿ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದಾಗ ಪ್ರಾಣ ತೆತ್ತ 66 ಅಗ್ನಿಶಾಮಕರ ನೆನಪಿನ ವಾರ ಅದು. ನಮ್ಮ ಕಡೆ ಆ ಹೊತ್ತಿಗೆ ಬೆಂಕಿಯ ಹಂಗಾಮು ಅರ್ಧ ಮುಗಿದಿರುತ್ತದೆ. ಹಳ್ಳಿಯ ತರಬೇತಿ ಜನವರಿಯಲ್ಲೇ, ತೊಗರಿ ರಾಶಿಯ ಬೆನ್ನಿಗೇ ನಡೆಯಬೇಕು.

ಗ್ರಾಮ ಪಂಚಾಯಿತಿಗಳು ಮುಂದಿನ ವರ್ಷದ ಆಯವ್ಯಯ ಬರೆಯುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಅಂದರೆ ಬಣವೆಗಳು ಸುಡುವ ದಿನಗಳಲ್ಲೇ. ಅದೇ ದಿನಗಳಲ್ಲಿ ಬೇಸಿಗೆಯ ಕುಡಿಯುವ ನೀರಿಗೆ ಖಾಸಗಿ ಟ್ಯಾಂಕರುಗಳನ್ನು ಗೊತ್ತು ಮಾಡುವ ಕರಾರುಗಳೂ ಆಗುತ್ತವೆ. ಅಗ್ನಿ ಕರಕ್ಕೆ ಕಾನೂನು ಬರುವವರೆಗೆ ಕಾಯದೆ ಈ ವರ್ಷವೇ ಮಾಡಬಹುದಾದ ಕೆಲಸ ಅಲ್ಲಿದೆ. ರಾತ್ರಿ ನಿಲ್ಲುವಾಗ ಒಂದು ಟ್ಯಾಂಕರಾದರೂ ತುಂಬಿಕೊಂಡೇ ಊರಿನಲ್ಲಿ ನಿಲ್ಲಬೇಕು, ಬೆಂಕಿಯ ಕರೆಗೆ ಹೋದ ಟ್ರಿಪ್ಪಿಗೆ ಪಂಚಾಯಿತಿ ಎಂದಿನ ದರದಲ್ಲೇ ಹಣ ಕೊಡಬೇಕು ಎಂಬ ಎರಡು ಸಾಲನ್ನು ಆ ಕರಾರಿಗೆ ಸೇರಿಸಲು ಯಾರ ಮಂಜೂರಾತಿಯೂ ಬೇಕಾಗಿಲ್ಲ.